ಕೇರ್‌ಟೇಕರ್ ಸಾಕೋ, ನರ್ಸೇ ಬೇಕೋ?

ಮಾನ್ಯರೇ,

ಮನೆ ಆರೈಕೆಗೆ ಸಿಬ್ಬಂದಿ ಕಳಿಸುವ ಕಚೇರಿಗಳಲ್ಲಿ ಎಡವಟ್ಟು ಶುರುವಾಗುವುದು ಮೊದಲ ಫೋನ್ ಕರೆಯಲ್ಲೇ. 'ಅಜ್ಜಿಯನ್ನು ನೋಡಿಕೊಳ್ಳೋರು ಬೇಕು' ಎಂದಷ್ಟೇ ಬರೆದುಕೊಂಡರೆ ಸಾಲದು. ತೂಕ, ಮೂಗಿನ ಮೂಲಕ ಆಹಾರ ಕೊಡುವ ನಳಿಕೆ, ಕ್ಯಾಥೆಟರ್ (ಮೂತ್ರದ ನಳಿಕೆ), ಬೆನ್ನಿನ ಹುಣ್ಣು, ಇನ್ಸುಲಿನ್ ಎಲ್ಲವನ್ನೂ ಕೇಳಬೇಕು. ಇಂಜೆಕ್ಷನ್, ಗಂಟಲಿನ ನಳಿಕೆಯ ಸಕ್ಷನ್ (ಕಫ ಹೀರಿ ತೆಗೆಯುವುದು) ಇದ್ದರೆ ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರೇ ಹೋಗಬೇಕು. ದರ ಕಡಿಮೆಯೆಂದು ತರಬೇತಿಯಿಲ್ಲದ ಕೇರ್‌ಟೇಕರ್ ಕಳಿಸಿ, ರೋಗಿಯನ್ನು ಮಲಗಿಸಿಯೇ ನಳಿಕೆಯಲ್ಲಿ ಗಂಜಿ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. 80 ಕಿಲೋ ತೂಗುವವರನ್ನು ಒಬ್ಬರೇ ಎತ್ತುವುದಂತೂ ಆಗದ ಮಾತು.

ಇನ್ನು ಪಾಳಿ. ಬೆಳಿಗ್ಗೆ 8ಕ್ಕೆ ಬರಬೇಕಾದವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, 12 ಗಂಟೆ ದುಡಿದವರು ಹೊರಡುವಂತಿಲ್ಲ. ಆ ಹೆಚ್ಚುವರಿ ಹೊತ್ತಿನ ಸಂಬಳ ಯಾರು ಕೊಡಬೇಕೆಂದು ಒಪ್ಪಂದದಲ್ಲೇ ಬರೆದಿರಲಿ. ಹಾಜರಿ ಹಾಳೆಗೆ ಮನೆಯವರು ದಿನವೂ ಸಹಿ ಹಾಕಲಿ.

– ಮನೆ ಆರೈಕೆ ಸಂಯೋಜಕರು, ಬೆಂಗಳೂರು