ರಾಮದೇವರ ಬೆಟ್ಟದಲ್ಲಿ ‘ಕಿತ್ನೇ ಆದ್ಮೀ ಥೇ’ ಕಾಟ ಸಾಕು

ಮಾನ್ಯ ಸಂಪಾದಕರೇ,

ಬೆಟ್ಟದಲ್ಲಿ ರೀಲ್ಸ್ ಹುಡುಗರ ಗದ್ದಲದ ಬಗ್ಗೆ ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಅದಕ್ಕೆ ‘ಯುವಕರ ಉತ್ಸಾಹ’ ಅಂತ ಬರೆದಿದ್ದೀರಿ. ಶನಿವಾರ ನಾನು ಅಲ್ಲೇ ಇದ್ದೆ. ಅದು ಉತ್ಸಾಹ ಅಲ್ಲ, ಕಾಟ.

ಶ್ರಾವಣ ಶನಿವಾರ ಅಂತ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಗೆ 72 ವರ್ಷ, ಮಂಡಿ ನೋವು ಬೇರೆ. ಅರ್ಧ ದಾರಿಯಲ್ಲಿ ಎಂಟು ಹತ್ತು ಹುಡುಗರು ಮೆಟ್ಟಿಲಿಗೆ ಅಡ್ಡ ನಿಂತಿದ್ದರು. ಒಬ್ಬ ‘ಶೋಲೆ’ ಸಿನಿಮಾದ ಡಕಾಯಿತ ಗಬ್ಬರ್ ಥರ ಬಂಡೆ ಮೇಲೆ ಬೆಲ್ಟ್ ಎಳೆದುಕೊಂಡು ಓಡಾಡುತ್ತಿದ್ದ. ‘ಕಿತ್ನೇ ಆದ್ಮೀ ಥೇ?’ (ಎಷ್ಟು ಜನ ಇದ್ದರು?) ಅಂತ ಕಿರುಚುವುದು, ಫೋನ್ ನೋಡುವುದು, ಸರಿಯಾಗಿಲ್ಲ ಅಂತ ಮತ್ತೆ ಕಿರುಚುವುದು. ಜೊತೆಗೆ ಸ್ಪೀಕರ್. ದಾರಿ ಬಿಡ್ರಪ್ಪಾ ಅಂದರೆ ‘ಒಂದ್ನಿಮಿಷ ಅಂಕಲ್, ಟೇಕ್ ಹೋಗ್ತಿದೆ’. ಅಮ್ಮ ಇಪ್ಪತ್ತು ನಿಮಿಷ ಬಿಸಿಲಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತರು. ಕೊನೆಗೆ ಒಬ್ಬ ಅವರ ಮುಖಕ್ಕೇ ಫೋನ್ ಹಿಡಿದು ‘ಅಬ್ ತೇರಾ ಕ್ಯಾ ಹೋಗಾ ಅಜ್ಜೀ?’ (ಈಗ ನಿನ್ನ ಗತಿ ಏನು ಅಜ್ಜೀ?) ಅಂದ. ಎಲ್ಲರೂ ನಕ್ಕರು. ಅಮ್ಮನಿಗೆ ಹಿಂದಿ ಬರಲ್ಲ. ‘ಏನಂದ ಮಗಾ?’ ಅಂತ ನನ್ನನ್ನೇ ಕೇಳಿದರು. ಮರುದಿನ ಆ ವಿಡಿಯೊ ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿಗೇ ಬಂತು. ಯಾರ ತಾಯಿಗಾದರೂ ಹೀಗೆ ಮಾಡಬಹುದಾ?

‘ಶೋಲೆ’ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರಿಗೆ ಆ ಸಿನಿಮಾ ಅಂದರೆ ಹೆಮ್ಮೆ. 1973ರಲ್ಲಿ ಇಲ್ಲೇ ಅದರ ಶೂಟಿಂಗ್ ಶುರುವಾದಾಗ ಅಮ್ಮ ಹೊಸದಾಗಿ ಮದುವೆಯಾಗಿ ಬಂದವರು. ಅತ್ತೆ ಜೊತೆ ಹೋಗಿ ದೂರದಿಂದ ನೋಡಿ ಬರುತ್ತಿದ್ದರಂತೆ. 1975ರಲ್ಲಿ ಸಿನಿಮಾ ಬಂತು. ಹಾಡಿನದ್ದಲ್ಲದೆ ಬರೀ ಮಾತಿನ ರೆಕಾರ್ಡೂ ಬಂತು. ಗಬ್ಬರ್ ಪಾತ್ರ ಮಾಡಿದ ಅಮ್ಜದ್ ಖಾನ್ ಅವರ ಮಾತು ಜನರ ಬಾಯಿಗೆ ಬಂದದ್ದು ಹಾಗೆ, ಕಿವಿಯಿಂದ. ಮೈಕ್ ಸೆಟ್ಟಿನವರು ಮದುವೆ ಮನೆಯಲ್ಲೂ ಅದನ್ನೇ ಹಾಕುತ್ತಿದ್ದರು. ಆಮೇಲೆ ಅದೇ ಗಬ್ಬರ್ ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತಿಗೂ ಬಂದ. ಮಕ್ಕಳಿಗೆ ಹೆದರಿಕೆಯೇ ಹೋಯಿತು. ಈಗ ಮೀಮ್ ಕಾಲ. ಹಬ್ಬ ಹತ್ತಿರ ಬಂದರೆ ‘ಹೋಲೀ ಕಬ್ ಹೈ’, ಪರೀಕ್ಷೆ ರಿಸಲ್ಟ್ ಬಂದರೆ ‘ತೇರಾ ಕ್ಯಾ ಹೋಗಾ’. ನನ್ನ ಮಗಳೂ ಕಳಿಸುತ್ತಾಳೆ, ನಾನೂ ನಗುತ್ತೇನೆ. ಆದರೆ ಎಷ್ಟು ಜನ ಇದ್ದರು ಅಂತ ಕೇಳಿದ ಆ ಮನುಷ್ಯ ತನ್ನ ಮೂವರು ಆಳುಗಳನ್ನು ನಗಿಸಿ ನಗಿಸಿ ಗುಂಡಿಟ್ಟು ಕೊಂದವನು. ಮೂರು ಸೆಕೆಂಡಿನ ವಿಡಿಯೊದಲ್ಲಿ ಅದೆಲ್ಲ ಬಿಟ್ಟುಹೋಗಿದೆ. ಬಂಡೆ ಮೇಲೆ ನಿಂತು ಇನ್ನೊಬ್ಬರನ್ನು ಹೆದರಿಸುವುದೇ ಈ ಹುಡುಗರಿಗೆ ತಮಾಷೆಯಾಗಿದೆ.

ಇನ್ನೊಂದು ವಿಷಯ. ಇದು ಬರೀ ಶೂಟಿಂಗ್ ಜಾಗ ಅಲ್ಲ. 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಣೆಯಾದ ಬೆಟ್ಟ. ಉದ್ದ ಕೊಕ್ಕಿನ ರಣಹದ್ದು ಈ ಬಂಡೆ ಸಂದುಗಳಲ್ಲೇ ಗೂಡು ಕಟ್ಟುತ್ತದೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅಲ್ಲಿ ಸ್ಪೀಕರ್ ಹಚ್ಚಿ ಕಿರುಚಿದರೆ ಅವು ಇರುತ್ತವಾ?

ಬೆಟ್ಟ ನೋಡಿಕೊಳ್ಳಬೇಕಾದ ಅಧಿಕಾರಿಗಳು ಶನಿವಾರ ಎಲ್ಲಿದ್ದರು? ಒಬ್ಬರೂ ಕಾಣಲಿಲ್ಲ. ‘ಗದ್ದಲ ಮಾಡಬೇಡಿ’ ಅನ್ನುವ ಬೋರ್ಡಿನ ಅಕ್ಷರ ಅಳಿಸಿ ಎಷ್ಟೋ ಕಾಲವಾಯಿತು. ಕಳೆದ ವರ್ಷ ಬೆಟ್ಟದ ರಸ್ತೆಯ ಬೀದಿ ದೀಪಕ್ಕೆ ಅರ್ಜಿ ಕೊಡಲು ನಾಲ್ಕು ಸಲ ಅಲೆದೆ. ಪ್ರತಿ ಸಲವೂ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’. ಐದನೇ ಸಲ ಹೋದಾಗ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ‘ಅರ್ಜಿ ಇನ್ನೊಂದ್ಸಲ ಕೊಡಿ’ ಅಂದರು. ದೀಪ ಇವತ್ತಿಗೂ ಇಲ್ಲ. ಹೆಂಗಸರಿಗೆ ಶೌಚಾಲಯ ಕೇಳಿದ್ದೆವು, ಬಾಗಿಲಿಗೆ ಬೀಗ ಹಾಕಿಟ್ಟಿದ್ದಾರೆ. ಸಂಬಳ ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತದಲ್ವಾ ಇವರಿಗೆ?

ಬೆಟ್ಟದಲ್ಲಿ ರೀಲ್ಸ್ ನಿಲ್ಲಿಸಲಿ. ಆಗಲ್ಲ ಅಂದರೆ ಹುಡುಗರಿಗೆ ಬೇರೆ ಕಡೆ ಒಂದು ಜಾಗ ತೋರಿಸಲಿ. ಅಮ್ಮನ ವಿಡಿಯೊ ಹಾಕಿದವರು ಅದನ್ನು ಇವತ್ತೇ ತೆಗೆಯಲಿ. ಅಧಿಕಾರಿಗಳು ಒಂದು ಶನಿವಾರವಾದರೂ ಕುರ್ಚಿ ಬಿಟ್ಟು ಎದ್ದು ಬಂದು ಆ ಮೆಟ್ಟಿಲು ಹತ್ತಲಿ. ಮುಂದಿನ ವಾರ ಹೋಗೋಣ ಅಂದರೆ ಅಮ್ಮ ‘ಬೇಡ ಬಿಡು ಮಗಾ, ಮನೇಲೇ ಪೂಜೆ ಮಾಡ್ತೀನಿ’ ಅನ್ನುತ್ತಿದ್ದಾರೆ. ನಾಚಿಕೆಯಾಗಬೇಕು ಇವರಿಗೆಲ್ಲ.

– ನೊಂದ ನಿವಾಸಿ, ರಾಮನಗರ