‘ಅಣ್ಣ’ ಅಂದರೆ ಯಾವ ಅಣ್ಣ?

ಪ್ರೀತಿಯ ಪುಟ್ಟಿ,

‘ಲಾ ಓದಿದ್ದು ಬರೀ ಟ್ರಾನ್ಸ್‌ಲೇಷನ್ ಮಾಡೋಕಾ ಅಮ್ಮ’ ಅಂತ ನಿನ್ನೆ ಫೋನಿನಲ್ಲಿ ಕೇಳಿದೆ. ಸೀನಿಯರ್ ಎದ್ದು ವಾದ ಮಾಡುತ್ತಾರೆ, ನೀನು ಕೂತು ಕೆಳಗಿನ ಕೋರ್ಟಿನ ಕನ್ನಡ ಕಾಗದಗಳನ್ನೆಲ್ಲ ಇಂಗ್ಲಿಷಿಗೆ ಇಳಿಸುತ್ತೀಯ. ಬೇಜಾರು ಆಗೇ ಆಗುತ್ತೆ. ಆಗ ಕುಕ್ಕರ್ ಕೂಗುತ್ತಿತ್ತು, ಸರಿಯಾಗಿ ಉತ್ತರ ಕೊಡಲಿಲ್ಲ.

ನಾನು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದಾಗಿನ ಒಂದು ಸಂಗತಿ ನಿನಗೆ ಹೇಳಿಯೇ ಇಲ್ಲ. ಪಾಲಿನ ದಾವೆ. ಕಟಕಟೆಯಲ್ಲಿ ನಿಂತ ಮುದುಕ ‘ಅವ್ನು ನಂಗೆ ಅಣ್ಣ ಆಗಬೇಕು’ ಅಂದ. ‘ಬ್ರದರ್’ ಅಂತ ಬರೆಸಿದರು, ನಾನು ಟೈಪ್ ಮಾಡಿದೆ. ದೊಡ್ಡಪ್ಪನ ಮಗ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಾಗದಕ್ಕೆ ಗೊತ್ತಿರಲಿಲ್ಲ. ಪಾಲಿನ ವಿಷಯದಲ್ಲಿ ಒಡಹುಟ್ಟಿದವನಿಗೂ ದಾಯಾದಿಗೂ ಎಷ್ಟು ದೂರ ಅಂತ ಲಾಯರಿಗೆ ನಾನು ಹೇಳಬೇಕಾ? ಅದನ್ನು ಸರಿಮಾಡಿಸೋಕೆ ಆ ಮುದುಕ ಎಷ್ಟು ಸಲ ಬಸ್ಸು ಹತ್ತಿ ಬಂದನೋ. ನನ್ನ ಬೆರಳೇ ಹೊಡೆದ ಪದ ಅದು.

ಅದಕ್ಕೇ ಇರಬೇಕು, ರಿಟೈರ್ ಆದಮೇಲೆ ಓದಿದ್ದರಲ್ಲಿ ಸಾಲ್ ಪ್ಲಾಟ್ಯೆ ಅನ್ನುವವನ ಬದುಕು ನನ್ನನ್ನು ಹಿಡಿದು ಕೂರಿಸಿತು. ದಕ್ಷಿಣ ಆಫ್ರಿಕಾದ ಕಾದಂಬರಿಕಾರ. 1876ರಲ್ಲಿ ಹುಟ್ಟಿದ್ದು. ಮನೆಮಾತು ಸೆಟ್ಸ್ವಾನ. ಜರ್ಮನ್ ಮಿಷನ್ನಿನಲ್ಲಿ ಬೆಳೆದ, ಮೂರನೇ ಸ್ಟ್ಯಾಂಡರ್ಡ್‌ಗೆ ಶಾಲೆ ಮುಗಿಯಿತು. ವಜ್ರದ ಗಣಿಗಳ ಊರು ಕಿಂಬರ್ಲಿಯಲ್ಲಿ ಟೆಲಿಗ್ರಾಂ ಹಂಚುವ ಕೆಲಸಕ್ಕೆ ಸೇರಿದ. ಇಂಗ್ಲಿಷ್, ಡಚ್, ಜರ್ಮನ್, ಖೋಸಾ, ಜುಲು, ಸೋತೊ ಎಲ್ಲ ಬರುತ್ತಿತ್ತು. 1898ರಲ್ಲಿ ಮಾಫೆಕಿಂಗ್ ಊರಿನ ಕೋರ್ಟಿನಲ್ಲಿ ದುಭಾಷಿಯಾದ. ಒಂದು ಕಡೆ ಬಿಳಿಯ ಮ್ಯಾಜಿಸ್ಟ್ರೇಟ್, ಇನ್ನೊಂದು ಕಡೆ ಆ ಭಾಷೆಯ ಗಂಧವಿಲ್ಲದ ಆರೋಪಿ, ನಡುವೆ ಇವನು. ದುಭಾಷಿ ಎಡವಿದರೆ ನ್ಯಾಯವೇ ಎಡವುತ್ತೆ ಅಂತ ಗೊತ್ತಿದ್ದವನು. ಆ ಕೆಲಸದ ಬಗ್ಗೆಯೇ ಒಂದು ಲೇಖನ ಬರೆದಿದ್ದಾನೆ.

ಅದೇ ವರ್ಷ ಅವನ ಮದುವೆ. ಹುಡುಗಿ ಎಲಿಜಬೆತ್, ಖೋಸಾ ಮಾತಾಡುವವಳು. ಖೋಸಾದಲ್ಲಿ ನಾಲಿಗೆಯಿಂದ ‘ಟಕ್’ ಅನ್ನಿಸುವ ಅಕ್ಷರಗಳಿವೆ. ಎತ್ತು ಹೊಡೆಯುವಾಗ ನಿನ್ನ ತಾತ ಕೆನ್ನೆಯೊಳಗೆ ಒಂದು ಸದ್ದು ಮಾಡುತ್ತಿದ್ದರಲ್ಲ, ಆ ತರದ್ದು. ‘ಟಕ್ ಟಕ್ ಅನ್ನುವ ಭಾಷೆಯವಳಾ?’ ಅಂತ ಇವರ ಮನೆಯಲ್ಲಿ ಸಿಟ್ಟು. ‘ಟಕ್ ಅನ್ನೋಕೂ ಬಾರದ ಅರೆಬರೆ ಭಾಷೆಯವನಿಗೆ ಹೆಣ್ಣು ಕೊಡೋದಾ?’ ಅಂತ ಅವರ ಮನೆಯಲ್ಲಿ. ಆಗಿನ್ನೂ ಅವನಿಗೆ ಖೋಸಾ ಅಷ್ಟಾಗಿ ಬಾರದು, ಅವಳಿಗೆ ಸೆಟ್ಸ್ವಾನ ತಕ್ಕಮಟ್ಟಿಗೆ ಬಂದರೂ ಮನಸ್ಸಿನ ಮಾತು ಅದರಲ್ಲಿ ಮುಟ್ಟುತ್ತೋ ಇಲ್ಲವೋ ಅಂತ ಇವನಿಗೆ ಅನುಮಾನ. ಇಬ್ಬರ ಓಲೆಗಳೂ ಇಂಗ್ಲಿಷಿನಲ್ಲಿ, ಷೇಕ್ಸ್‌ಪಿಯರ್ ಸಹಾಯದಿಂದ. ಇದನ್ನೆಲ್ಲ ಅವನೇ ನಗುತ್ತ ಬರೆದುಕೊಂಡಿದ್ದಾನೆ. ನಿನ್ನ ಅತ್ತೆಯ ಮದುವೆಯಲ್ಲಿ ನಡೆದ ರಾದ್ಧಾಂತ ನೆನಪಾಯಿತು, ಬಿಡು.

ಮರುವರ್ಷ ಬೋಯರ್ ಯುದ್ಧ, ಅಲ್ಲಿ ನೆಲೆಯೂರಿದ್ದ ಡಚ್ ಮೂಲದ ಬೋಯರರಿಗೂ ಬ್ರಿಟಿಷರಿಗೂ. ಮಾಫೆಕಿಂಗಿಗೆ 217 ದಿನ ಮುತ್ತಿಗೆ. ಕೋರ್ಟಿನ ಕೆಲಸದ ಜೊತೆ ಪೇಪರಿನವರಿಗೆ ಟೈಪ್ ಮಾಡಿಕೊಟ್ಟು ನಾಲ್ಕು ಕಾಸು ಗಳಿಸಿದ (ನೋಡು, ನಮ್ಮ ಕಸುಬಿನವನು!). ಜೊತೆಗೆ ಡೈರಿ ಬರೆದ, ಇಂಗ್ಲಿಷಿನ ನಡುವೆ ಬೇರೆ ಭಾಷೆಗಳ ಮಾತನ್ನು ಹಾಗೇ ಬಿಟ್ಟು. ಅದು ಸಿಕ್ಕಿದ್ದು 1969ರಲ್ಲಿ, ಅವನು ಸತ್ತು ಮೂವತ್ತೇಳು ವರ್ಷದ ಮೇಲೆ.

ಆಮೇಲೆ ಸೆಟ್ಸ್ವಾನ ಪತ್ರಿಕೆ ನಡೆಸಿದ. 1912ರಲ್ಲಿ, ಮುಂದೆ ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ಆದ, ಕರಿಯರ ಹಕ್ಕಿಗೆ ಹೋರಾಡುವ ಸಂಘಟನೆಯ ಮೊದಲ ಕಾರ್ಯದರ್ಶಿಯಾದ. 1913ರಲ್ಲಿ ಬಂದ ಭೂಕಾಯ್ದೆ ದೇಶದ ಸುಮಾರು ಶೇ. 7ರಷ್ಟು ನೆಲವನ್ನು ಮಾತ್ರ ಕರಿಯರಿಗೆ ಬಿಟ್ಟಿತು. ಪ್ಲಾಟ್ಯೆ ಸೈಕಲ್ ಹತ್ತಿ ಹೊರಟ, ಒಕ್ಕಲೆಬ್ಬಿಸಿದವರನ್ನು ದಾರಿಯಲ್ಲೇ ಮಾತಾಡಿಸಿದ. ಒಂದು ಕುಟುಂಬದ ಕೂಸು ದಾರಿಯಲ್ಲಿ ತೀರಿಕೊಂಡಿತ್ತು. ಹೂಳೋಕೆ ತಮ್ಮದು ಅನ್ನುವ ಒಂದು ಗೇಣು ನೆಲ ಇಲ್ಲ. ರಾತ್ರಿ, ಯಾರದೋ ಹೊಲದಲ್ಲಿ, ಕದ್ದು ಹೂತರು. ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಈ ಕಾಯ್ದೆಯ ವಿರುದ್ಧ ದೂರು ಹೇಳೋಕೆ ಲಂಡನ್ನಿಗೆ ಹೋದವನು ಅಲ್ಲೇ ಎರಡೂವರೆ ವರ್ಷ ಉಳಿದ. ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅವನ ಭಾಷೆಯನ್ನು ಒಬ್ಬ ಕಿವಿಗೊಟ್ಟು ಕೇಳಿದ, ಡೇನಿಯಲ್ ಜೋನ್ಸ್ ಅನ್ನುವ ಧ್ವನಿವಿಜ್ಞಾನಿ. ಸೆಟ್ಸ್ವಾನದಲ್ಲಿ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಮಿಷನರಿಗಳು ಇದನ್ನು ಬಿಟ್ಟು, ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಿದ್ದರು. ಇವನು ಉಚ್ಚರಿಸಿದ, ಜೋನ್ಸ್ ಗುರುತು ಹಾಕಿದ. 1916ರಲ್ಲಿ ಇಬ್ಬರೂ ಸೇರಿ ಓದುಪುಸ್ತಕವನ್ನೇ ತಂದರು. ಅದೇ ವರ್ಷ 732 ಸೆಟ್ಸ್ವಾನ ಗಾದೆಗಳ ಪುಸ್ತಕ. ಆ ಭಾಷೆಯಲ್ಲಿ ಎಲ್ಲರ ಬಾಯಲ್ಲಿರುವ ಒಂದು ಗಾದೆ ಇದೆ: ಮಗುವಿನ ತಾಯಿ ಚಾಕುವಿನ ಅಲಗನ್ನೇ ಹಿಡಿಯುತ್ತಾಳೆ. ನಮ್ಮದು ನೋಡು, ‘ಹೆತ್ತವರಿಗೆ ಹೆಗ್ಗಣ ಮುದ್ದು’!

ಕಾದಂಬರಿ ‘ಮ್ಹೂದಿ’. 1830ರ ಹೊತ್ತಿನ ಕತೆ, ಹಳ್ಳಿ ಸುಟ್ಟುಹೋದ ಮೇಲೆ ಕಾಡಲ್ಲಿ ಒಬ್ಬಳೇ ಉಳಿದ ಹೆಣ್ಣಿನದು. ಇಂಗ್ಲಿಷಿನಲ್ಲಿ ಬರೆದ. ಮಾತುಗಳು ಅಲ್ಲಲ್ಲಿ ನಾಟಕದ ಡೈಲಾಗ್ ಆಗಿಬಿಡುತ್ತವೆ, ಸುಳ್ಳು ಹೇಳಲ್ಲ. ಆದರೆ ಮ್ಹೂದಿ ಇದ್ದಾಳಲ್ಲ, ಗಂಡ ನಂಬಿ ಸ್ನೇಹ ಮಾಡಿದ ಬೋಯರರನ್ನು ಅವಳು ಮೊದಲಿಂದಲೂ ಅನುಮಾನದಿಂದಲೇ ನೋಡುತ್ತಾಳೆ. 1920ರ ಹೊತ್ತಿಗೇ ಬರೆದು ಮುಗಿಸಿದ್ದ. ಅಚ್ಚಾಗಿದ್ದು 1930ರಲ್ಲಿ. ಅದರ ದುಡ್ಡಿನಿಂದ ಸೆಟ್ಸ್ವಾನ ಜನಪದ ಕತೆಗಳನ್ನು ಶಾಲೆ ಮಕ್ಕಳಿಗೆ ಅಚ್ಚು ಹಾಕಿಸುವ ಆಸೆ ಅಂತ ಮುನ್ನುಡಿಯಲ್ಲೇ ಹೇಳಿದ್ದಾನೆ. ಎರಡು ವರ್ಷಕ್ಕೆ ನ್ಯುಮೋನಿಯಾದಲ್ಲಿ ಹೋಗಿಬಿಟ್ಟ.

ಪುಸ್ತಕ ಅರ್ಪಣೆ ಮಾಡಿದ್ದು ಮಗಳು ಆಲಿವ್‌ಗೆ. ಊರಿಗೆಲ್ಲ ಇನ್‌ಫ್ಲುಯೆಂಜಾ ಜ್ವರ ಹರಡಿದಾಗ ಹದಿಮೂರರ ಹುಡುಗಿ, ರೋಗಿಗಳ ಸೇವೆಗೆ ನಿಂತಳು. 1921ರಲ್ಲಿ ತೀರಿಕೊಂಡಳು, ಅಪ್ಪ ಸಮುದ್ರದ ಆಚೆ ಇದ್ದಾಗ. ಅರ್ಪಣೆಯಲ್ಲಿ ಅವಳನ್ನು ಒಂದು ‘ಸೆಟಲ್ಡ್ ಸಿಸ್ಟಮ್’ಗೆ ಬಲಿಯಾದ ಎಷ್ಟೋ ಎಳೆಯರಲ್ಲಿ ಒಬ್ಬಳು ಅಂದಿದ್ದಾನೆ. ಈ ಎರಡು ಪದ ಮೂರು ದಿನ ನನ್ನನ್ನು ಕಾಡಿದವು. ‘ನೆಲೆಯೂರಿದ’ ಅನ್ನಲಾ? ಕೋರ್ಟಿನ ಭಾಷೆಯಲ್ಲಿ ‘ಇತ್ಯರ್ಥವಾದ’ ಅಂತಲೂ ಆಗುತ್ತೆ. ಹೊರಗಿಂದ ಬಂದು ನೆಲೆಯೂರಿದವರೂ ಅದರೊಳಗೇ ಕೂತಿದ್ದಾರೆ, ಅಲ್ವಾ? ಕನ್ನಡದಲ್ಲಿ ಒಂದೇ ಪದ ನನಗೆ ಸಿಗಲಿಲ್ಲ. ನಿನಗೆ ಹೊಳೆದರೆ ಹೇಳು.

ಅಂದಹಾಗೆ ‘ಹಿತ್ತಲು’ ಅನ್ನೋದಕ್ಕೆ ಏನು ಬರೀಲಿ ಅಂತ ಕೇಳಿದ್ದೆ. ಮೊದಲು ಆ ಪತ್ರದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆ ನೋಡು, ಹಿತ್ತಲನ್ನು ಮನೆಯ ಜೊತೆ ಸೇರಿಸಿದ್ದಾರೋ ಬೇರೆ ತೋರಿಸಿದ್ದಾರೋ. ನೋಡದೆ ಸುಮ್ನೆ ‘ಬ್ಯಾಕ್‌ಯಾರ್ಡ್’ ಅಂತ ಬರೆದು ಕೈ ತೊಳೆದುಕೊಳ್ಳಬೇಡ.

ನಿನ್ನ
ಅಮ್ಮ