ಮರಕ್ಕೆ ಬಿಳಿ ಪೇಂಟ್ ಬೇಡ, ಅಪ್ಪಯ್ಯ

ಪ್ಯಾಸಡೀನಾ, ಕ್ಯಾಲಿಫೋರ್ನಿಯಾ
ಭಾನುವಾರ

ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರಗಳು.

ನಾನು ಕ್ಷೇಮ. ಜಗಲಿಯ ಮರದ ಕಂಬಕ್ಕೂ ನಡುಮನೆಯ ಹಲಗೆ ಮುಚ್ಚಿಗೆಗೂ ಬಿಳಿ ಪೇಂಟ್ ಹೊಡೆಸುವುದೆಂದು ತೀರ್ಮಾನ ಆಗಿದೆ, ಚಿಕ್ಕಪ್ಪ ಪೇಂಟರಿಗೆ ಹೇಳಿಯೂ ಆಗಿದೆ ಅಂತ ಅಮ್ಮ ಮೊನ್ನೆ ಫೋನಿನಲ್ಲಿ ಹೇಳಿದರು. ಆಗ ನನಗೆ ಮಾತೇ ಹೊರಡಲಿಲ್ಲ. ನಿನ್ನೆ ಇಲ್ಲಿ ಒಂದು ಮರದ ಮನೆ ನೋಡಿ ಬಂದೆ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗದೆ ಈ ಕಾಗದ ಬರೆಯುತ್ತಿದ್ದೇನೆ.

ಅದರ ಹೆಸರು ಗ್ಯಾಂಬಲ್ ಹೌಸ್. ಅಮ್ಮ ಬಟ್ಟೆಗೆ ಹಾಕುವ ಏರಿಯಲ್ ಪುಡಿಯ ಕಂಪನಿ ಇದೆಯಲ್ಲ, ಪ್ರಾಕ್ಟರ್ ಅಂಡ್ ಗ್ಯಾಂಬಲ್? ಆ ಗ್ಯಾಂಬಲ್ ಮನೆತನದ ಡೇವಿಡ್ ಮತ್ತು ಮೇರಿ ದಂಪತಿ ಚಳಿಗಾಲ ಕಳೆಯಲು 1908ರಲ್ಲಿ ಕಟ್ಟಿಸಿದ್ದು. ನಕ್ಷೆ ಚಾರ್ಲ್ಸ್ ಗ್ರೀನ್, ಹೆನ್ರಿ ಗ್ರೀನ್ ಎಂಬ ಅಣ್ಣತಮ್ಮಂದಿರದು. ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಶಾಲೆಯಲ್ಲಿ ಮರಗೆಲಸ ಕಲಿತವರು. ಉಳಿ ಹಿಡಿದ ಕೈ ಬರೆದ ನಕ್ಷೆ ಅದು ಅಂತ ನೋಡಿದರೇ ಗೊತ್ತಾಗುತ್ತದೆ. ಯಂತ್ರದ ಸಾಮಾನು ಬೇಡ, ಕೈಕೆಲಸಕ್ಕೆ ಮರ್ಯಾದೆ ಸಿಗಬೇಕು ಅಂತ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಹಟ ಹಿಡಿದಿದ್ದರು. ಆ ದಾರಿಗೆ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಅಂತ ಹೆಸರು. ಅದು ಅಮೆರಿಕಕ್ಕೆ ಬಂದು, ಜಪಾನಿನ ಮರಗೆಲಸದ ಮೇಲೆ ಈ ಅಣ್ಣತಮ್ಮಂದಿರಿಗಿದ್ದ ಪ್ರೀತಿಯೂ ಸೇರಿ ಈ ಮನೆ ಆಗಿದೆ.

ಹೊರಗೆ ನಿಂತಾಗ ಮೊದಲು ಕಂಡದ್ದು ಸೂರು. ನಮ್ಮ ಮನೆಯದರಂತೆ ಇದೂ ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದೆ. ನಮ್ಮದು ಮಳೆಗೆ, ಇಲ್ಲಿನದು ಬಿಸಿಲಿಗೆ. ಜಂತಿಗಳ ತುದಿ ಮಾಡಿನಿಂದಲೂ ಹೊರಗೆ ಬಂದಿವೆ. ನೀವಾಗಿದ್ದರೆ "ತುದಿ ಲಡ್ಡಾಗುತ್ತದೆ ಮಾರಾಯ" ಅಂತ ಅಲ್ಲೇ ಹೇಳುತ್ತಿದ್ದಿರಿ. ಆದದ್ದೂ ಹಾಗೆಯೇ, ತುದಿಗಳು ಕೊಳೆತವು. 2003–04ರಲ್ಲಿ ಮನೆಯ ಹೊರಭಾಗವನ್ನು ದೊಡ್ಡದಾಗಿ ದುರಸ್ತಿ ಮಾಡಬೇಕಾಯಿತು.

ಮುಂಬಾಗಿಲು ತೇಗದ್ದು, ಅಪ್ಪಯ್ಯ. ಬಾಗಿಲಿಗೂ ಅದರ ಅಕ್ಕಪಕ್ಕಕ್ಕೂ ಮೇಲಕ್ಕೂ ಬಣ್ಣದ ಗಾಜು ಕೂರಿಸಿದ್ದಾರೆ. ಎಲ್ಲಾ ಸೇರಿ ಒಂದೇ ಓಕ್ ಮರ, ಅದರ ಕೊಂಬೆಗಳು ಚೌಕಟ್ಟು ದಾಟಿ ಹಬ್ಬಿವೆ. ಒಳಗೆ ನಿಂತು ತಿರುಗಿ ನೋಡಿದರೆ ಹೊರಗಿನ ಬೆಳಕೆಲ್ಲ ಜೇನುತುಪ್ಪದ ಬಣ್ಣ.

ನಾನು ಜಾಸ್ತಿ ಹೊತ್ತು ನಿಂತದ್ದು ಮೆಟ್ಟಿಲ ಹತ್ತಿರ. ಅದೂ ತೇಗವೇ. ಕಟಾಂಜನ ಓರೆಯಾಗಿ ಏರುವುದಿಲ್ಲ, ಮೆಟ್ಟಿಲ ಜೊತೆ ತಾನೂ ಮೆಟ್ಟಿಲಾಗಿ ಹತ್ತುತ್ತದೆ. ಹಲಗೆಗಳು ಮೂಲೆಯಲ್ಲಿ ಎರಡು ಕೈಯ ಬೆರಳು ಹೆಣೆದ ಹಾಗೆ ಒಂದಕ್ಕೊಂದು ಸೇರಿವೆ. ಒಂದು ಅಂಚೂ ಚೂಪಾಗಿಲ್ಲ. ಎಲ್ಲವನ್ನೂ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾರೆ. ಮುಟ್ಟದೆ ಬಗ್ಗಿ ನೋಡಿದೆ. ನೂರು ವರ್ಷ ಕಳೆದರೂ ಬೆಸೆದ ಗೆರೆ ಮಾತ್ರ ಕಾಣುತ್ತದೆ, ಸಂದು ಇಲ್ಲ. ಈ ಕೆಲಸ ಮಾಡಿಸಿದವರು ಪೀಟರ್ ಹಾಲ್, ಜಾನ್ ಹಾಲ್ ಅಂತ, ಅವರೂ ಅಣ್ಣತಮ್ಮಂದಿರೇ.

ಕುರ್ಚಿ ಮೇಜುಗಳ ನಕ್ಷೆಯೂ ಗ್ರೀನ್ ಅವರದೇ. ಅವುಗಳ ಮೇಲೆ ಎಬನಿ ಎಂಬ ಕರಿ ಮರದ ಪುಟ್ಟ ಚೌಕ ಗೂಟಗಳಿವೆ. ಕೆಲವದರ ಕೆಳಗೆ ಸ್ಕ್ರೂ ಅಡಗಿದೆ. ಮರ ಹವೆಗೆ ಹಿಗ್ಗಿ ಕುಗ್ಗುತ್ತದಲ್ಲ, ಅದಕ್ಕೆ ಜಾಗ ಬಿಟ್ಟು ಸ್ಕ್ರೂ ಬಿಗಿದು, ಮೇಲೆ ಗೂಟ ಮುಚ್ಚುತ್ತಿದ್ದರಂತೆ. ಗೂಟದ ತಲೆ ಕೂದಲೆಳೆಯಷ್ಟೇ ಮೇಲೆದ್ದಿರುತ್ತದೆ. ಮುಚ್ಚುವ ಗೂಟಕ್ಕೂ ಅಷ್ಟು ಶ್ರದ್ಧೆ!

ಈಗ ಮುಖ್ಯ ವಿಷಯ. ಗ್ಯಾಂಬಲ್ ಅವರ ಮಗ ಸೊಸೆ ಒಮ್ಮೆ ಈ ಮನೆ ಮಾರಲು ಹೊರಟಿದ್ದರಂತೆ. ಕೊಳ್ಳಲು ಬಂದವರು ಒಳಗಿನ ಮರಕ್ಕೆಲ್ಲ ಬಿಳಿ ಬಣ್ಣ ಹೊಡೆಸುವ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅದು ಇವರ ಕಿವಿಗೆ ಬಿತ್ತು. ಮಾರುವ ಯೋಚನೆ ಅಲ್ಲಿಗೇ ಬಿಟ್ಟರು. 1966ರಲ್ಲಿ ಮನೆತನದವರು ಇದನ್ನು ಪ್ಯಾಸಡೀನಾ ನಗರಕ್ಕೆ ಕೊಟ್ಟರು. ಇದನ್ನು ಕೇಳುವಾಗ ನನಗೆ ನಮ್ಮ ನಡುಮನೆ ಕಣ್ಣ ಮುಂದೆ ಬಂದು ಗಂಟಲು ಕಟ್ಟಿತು.

ಮನೆ ಕತ್ತಲೆ ಅನ್ನುವ ಚಿಕ್ಕಪ್ಪನ ಮಾತು ಸುಳ್ಳಲ್ಲ. ಜಗಲಿ ಮಾಡಿಗೆ ಮೂರ್ನಾಲ್ಕು ಗಾಜಿನ ಹೆಂಚು ಇಡಿಸಿ. ನಡುಮನೆಗೆ ಹಳದಿ ಬೆಳಕಿನ ಬಲ್ಬು ಹಾಕಿ, ಬಿಳಿ ಟ್ಯೂಬ್‌ಲೈಟ್ ಬೇಡ. ಕಂಬಗಳಿಗೆ ಅಜ್ಜ ಬಳಿಸುತ್ತಿದ್ದ ಗೇರೆಣ್ಣೆಯೇ ಸಾಕಲ್ವಾ? ಖರ್ಚು ನಾನು ಕಳಿಸುತ್ತೇನೆ. ಪೇಂಟರಿಗೆ ಮುಂಗಡ ಕೊಟ್ಟಿದ್ದರೆ ಹೊರಗಿನ ಗೋಡೆಗೆ ಹೊಡೆಯಲಿ. ಚಿಕ್ಕಪ್ಪನಿಗೆ ಬೇಜಾರಾಗದ ಹಾಗೆ ನೀವೇ ಹೇಳಬೇಕು. ನಾನು ಹೇಳಿದರೆ ದೂರದಲ್ಲಿ ಕೂತು ಹುಕುಂ ಮಾಡುತ್ತಾನೆ ಅನ್ನಿಸೀತು.

ಇನ್ನೊಂದು ಕೇಳಬೇಕು. ಜಗಲಿಯ ಮೂಲೆ ಕಂಬದ ತಲೆಯಲ್ಲಿರುವ ಬೋದಿಗೆಯ ಮೇಲೆ ಎರಡು ತೊಲೆ ಸೇರುತ್ತವಲ್ಲ, ಅಲ್ಲಿ ಒಂದು ಮರದ ಬೆಣೆ ಇದ್ದ ನೆನಪು. ಅದನ್ನು ಹೊಡೆದವರು ಯಾರು, ನಿಮಗೆ ಗೊತ್ತಾ? ಏಣಿ ನೀವು ಹತ್ತಬೇಡಿ. ತಮ್ಮನಿಗೆ ಹತ್ತಲು ಹೇಳಿ, ಹತ್ತಿರದಿಂದ ಒಂದು ಫೋಟೋ ತೆಗೆಸಿ ಕಳಿಸಿ.

ನಿಮ್ಮ ಮಗ